ಇಬ್ಬರಿಗೂ ಎಂದಳು ಅವ್ವ

ನ್ಯಾಬಿರಾ ಬಾಲಕಿಯರ ಶಾಲೆ
ಮೇ 22, 2016

ಪ್ರೀತಿಯ ಅಕ್ಕ ಅಕೇಯೊ,

ನೀನು ಕಳಿಸಿದ ದುಡ್ಡು ಮುಟ್ಟಿತು. ಅದು ಮುಟ್ಟುವಷ್ಟರಲ್ಲಿ ನಾನು ಒಂದು ವಾರ ಮನೆಯಲ್ಲಿದ್ದು ಬಂದೆ, ಅಷ್ಟೆ. ಫೀಸು ಬಾಕಿ ಇದ್ದವರ ಹೆಸರನ್ನು ಬೆಳಗಿನ ಪ್ರಾರ್ಥನೆಯಲ್ಲೇ ಕೂಗಿದರು. ಹೆಸರು ಬಂದವರೆಲ್ಲ ಹಾಸಿಗೆ ಸುತ್ತಿಕೊಂಡು ಗೇಟು ದಾಟಿದೆವು. ನನಗೇನೂ ಬೇಜಾರಾಗಲಿಲ್ಲ. ಆ ವಾರ ಇಲ್ಲಿ ಊಟಕ್ಕೆ ಬರೀ ಹುಳು ಬಿದ್ದ ಜೋಳ ಮತ್ತು ಕಾಳು. ಮನೆಯಲ್ಲಾದರೆ ಅವ್ವ ಸಣ್ಣಮೀನು ಹುರಿದು ಹಾಕಿದಳು.

ಊರಿನಲ್ಲಿ ಒಂದು ದೊಡ್ಡ ಗಲಾಟೆ ನಡೆಯುತ್ತಿದೆ. ಯಾವುದೋ ಸಂಸ್ಥೆಯವರು ಬೈಕಿನಲ್ಲಿ ಬಂದು ಹುಲ್ಲಿನ ಸೂರಿರುವ ಮನೆಗಳನ್ನು ಎಣಿಸಿಕೊಂಡು ಹೋಗುತ್ತಿದ್ದಾರೆ. ಅಂಥ ಮನೆಗಳಿಗೆ ದುಡ್ಡು ಕೊಡುತ್ತಾರಂತೆ. ಸಾಲವಲ್ಲ. ವಾಪಸು ಕೇಳುವುದಿಲ್ಲ, ಯಾವುದಕ್ಕೆ ಖರ್ಚು ಮಾಡಿದಿರಿ ಎಂದೂ ಕೇಳುವುದಿಲ್ಲವಂತೆ. ದೊರೀನಾ ಅತ್ತೆ ಇದನ್ನು ಕೇಳಿದವಳೇ ನಮ್ಮ ಮನೆಗೆ ಓಡಿ ಬಂದಳು. "ಆ ದುಡ್ಡು ತಗೊಂಡೋರ ಮನೆಗೆ ಒಂದು ಹಾವು ಬರುತ್ತಂತೆ ಕಣೇ! ಮಂಚದ ಕೆಳಗೆ ಮಲಗಿರುತ್ತಂತೆ. ಅದಕ್ಕೆ ದಿನಾ ಒಂದು ಮೊಟ್ಟೆ ಇಡಬೇಕಂತೆ. ಮೊಟ್ಟೆ ಮುಗಿದ ದಿವಸ ಮಗು ಕೇಳುತ್ತಂತೆ!" ಎಂದು ಎದೆ ಹಿಡಿದುಕೊಂಡು ಹೇಳಿದಳು.

ಅಪ್ಪ ನಂಬಿದನೋ ಇಲ್ಲವೋ ಗೊತ್ತಿಲ್ಲ. ಆದರೆ ಆ ಸಂಸ್ಥೆಯ ಹುಡುಗಿ ನಮ್ಮ ಅಂಗಳಕ್ಕೆ ಬಂದಾಗ ಅವಳನ್ನು ಕೂರಿಸಲೇ ಇಲ್ಲ.

"ಪುಕ್ಕಟೆ ಕೊಡೋಕೆ ನಿಮ್ಮ ಕಣ್ಣಿಗೆ ನಾನೇ ಬಿದ್ದೆನಾ?" ಎಂದು ಕೇಳಿದ.

"ಪುಕ್ಕಟೆ ಅಂತ ಯಾಕೆ ಅಂದ್ಕೋತೀರಿ ಯಜಮಾನ್ರೇ, ಸಹಾಯ ಅಂದ್ಕೊಳ್ಳಿ."

"ನೋಡಮ್ಮ, ಈ ಸುತ್ತಿನ ಅರ್ಧ ಮನೆಗಳ ಸೂರಿಗೆ ತಗಡು ಹೊಡೆದಿರೋದು ಈ ಕೈ. ಈ ಮನೇಲಿ ಯಾರೂ ಕೈ ಚಾಚೋರಿಲ್ಲ."

ಆ ಹುಡುಗಿ ತಲೆಯೆತ್ತಿ ನಮ್ಮ ಹುಲ್ಲಿನ ಸೂರನ್ನು ನೋಡಿದಳು. ಅಪ್ಪನಿಗೆ ಅದೇ ಹೆಚ್ಚು ಉರಿಯಿತು. ಅವ್ವ ಸೊಪ್ಪು ಹೆಚ್ಚುತ್ತಾ ಕೂತಿದ್ದವಳು ಕೂತೇ ಇದ್ದಳು. ಆ ದಿನದ ಸೊಪ್ಪು ಮಾತ್ರ ನೂಲಿನಷ್ಟು ಸಣ್ಣಗಾಗಿತ್ತು.

ನೀನು ಹೇಗಿದ್ದೀಯ? ನಕುರುವಿನಲ್ಲಿ ಈಗ ಚಳಿಯಂತೆ. ನಾನು ಕಳೆದ ಪತ್ರದಲ್ಲಿ ಕೇಳಿದ್ದಕ್ಕೆ ನೀನು ಉತ್ತರ ಬರೆಯಲಿಲ್ಲ. ಮತ್ತೆ ಕೇಳುವುದಿಲ್ಲ, ಹೆದರಬೇಡ.

ನಿನ್ನ ತಂಗಿ
ಪೆರೆಸ್


ನಕುರು
ಜೂನ್ 12, 2016

ಪೆರೆಸ್,

ಮೊದಲಿಗೆ, ಇದನ್ನು ನಿನಗಿಂತ ಮುಂಚೆ ಒಡೆದು ಓದುತ್ತಿರುವ ನಿಮ್ಮ ಹಾಸ್ಟೆಲಿನ ಮೇಡಂ ಅವರಿಗೆ ನಮಸ್ಕಾರ. ನನ್ನ ತಂಗಿ ಒಳ್ಳೆಯವಳು ಮೇಡಂ, ನಿದ್ದೆ ಸ್ವಲ್ಪ ಜಾಸ್ತಿ.

ಅಪ್ಪನಿಗೆ ಫೋನು ಮಾಡಿದ್ದೆ.

"ಅಪ್ಪಾ, ಆ ಹಾವಿಗೆ ಮೊಟ್ಟೆ ಯಾರು ಕೊಡೋದು?"

"ತಮಾಷೆ ಬೇಡ ಕಣೇ."

"ಅಲ್ಲಪ್ಪಾ, ನಮ್ಮ ಕೋಳಿ ಮೊಟ್ಟೆ ಇಡೋದೇ ಅಪರೂಪ. ಪಾಪ, ನಮ್ಮನೆಗೆ ಬಂದ ಹಾವು ಹಸ್ಕೊಂಡೇ ಸಾಯುತ್ತೆ."

ಅಪ್ಪ ನಗಲಿಲ್ಲ. ಆದರೆ ಫೋನನ್ನು ಇಡಲೂ ಇಲ್ಲ. ಸ್ವಲ್ಪ ಹೊತ್ತು ಬಿಟ್ಟು, "ನಿಂಗೆ ಊಟ ಸರಿಯಾಗಿ ಹಾಕ್ತಾರಾ?" ಎಂದ. ಹಾಕುತ್ತಾರೆ ಎಂದೆ. ಮಾತಾಡದೆ ಫೋನಿನ ದುಡ್ಡು ಖರ್ಚು ಮಾಡುವುದರಲ್ಲಿ ಅಪ್ಪನನ್ನು ಮೀರಿಸುವವರಿಲ್ಲ.

ಇಲ್ಲಿ ಎಲ್ಲ ಎಂದಿನಂತೆ. ನಾನು ಕೆಲಸಕ್ಕಿರುವ ಮನೆಯ ಹುಡುಗಿ ಗತೋನಿ ಈಗ ಏಳನೇ ಕ್ಲಾಸು. ಭಿನ್ನರಾಶಿ ಎಂದರೆ ಅಳುತ್ತಾಳೆ. ಅವಳ ಅಮ್ಮ ಕೆಲಸದಿಂದ ಬರುವುದು ಕತ್ತಲಾದ ಮೇಲೆ. ಅಷ್ಟರಲ್ಲಿ ನಾವಿಬ್ಬರೂ ಒಂದು ಒಪ್ಪಂದ ಮಾಡಿಕೊಂಡಿದ್ದೇವೆ. ನಾನು ಅವಳಿಗೆ ಲೆಕ್ಕ ಹೇಳಿಕೊಡುವುದು, ಅವಳು ನನಗೆ ಈರುಳ್ಳಿ ಹೆಚ್ಚಿಕೊಡುವುದು. ಲೆಕ್ಕ ಸರಿಯಾಗಿ ಬರುತ್ತಿದೆ, ಈರುಳ್ಳಿ ಮಾತ್ರ ದಪ್ಪ.

ಡಿಸೆಂಬರಿನಲ್ಲಿ ಇವರೆಲ್ಲ ಮೊಂಬಾಸಾಕ್ಕೆ ಹೊರಡುತ್ತಾರೆ. ಗತೋನಿಯ ಅಪ್ಪನಿಗೆ ವರ್ಗವಾಗಿದೆ. ಅಲ್ಲಿ ಅಜ್ಜಿಯಿದ್ದಾಳೆ, ಕೆಲಸದವಳು ಬೇಡವಂತೆ. ನೀನು ತಲೆ ಕೆಡಿಸಿಕೊಳ್ಳಬೇಡ, ಬೇರೆ ಮನೆ ಸಿಗುತ್ತದೆ. ಊರೆಲ್ಲ ಮನೆಗಳೇ, ಎಲ್ಲ ಮನೆಯಲ್ಲೂ ಪಾತ್ರೆಗಳೇ.

ನೀನು ಕೇಳಿದ್ದಕ್ಕೆ ಉತ್ತರ ಇದೇ: ನನಗೆ ಶಾಲೆ ಹಿಡಿಸಲಿಲ್ಲ, ಬಿಟ್ಟೆ. ಬೆಂಚಿನ ಮೇಲೆ ಕೂತು ಕೂತು ಕಾಲು ಜೋಮು ಹಿಡಿಯುತ್ತಿತ್ತು. ಎಷ್ಟು ಸಲ ಹೇಳಬೇಕು?

ಚೆನ್ನಾಗಿ ಓದು. ಹುಳುವನ್ನು ತೆಗೆದು ತಿನ್ನು.

ಅಕ್ಕ


ನ್ಯಾಬಿರಾ
ಜುಲೈ 17, 2016

ಅಕ್ಕಾ,

ನಿನ್ನೆ ಮನೆಯವರು ಬಂದು ನೋಡಿಹೋಗುವ ದಿನ. ಅವ್ವ ಬಂದಿದ್ದಳು. ಒಂದು ಡಬ್ಬಿ ತುಂಬ ಚಪಾತಿ ತಂದಿದ್ದಳು, ಮಧ್ಯೆ ಕೋಳಿ! ನನ್ನ ಜೊತೆಯವರೆಲ್ಲ ಅವ್ವನನ್ನು ಸುತ್ತಿಕೊಂಡು ಅವ್ವಾ ಅವ್ವಾ ಎಂದರು. ಕೋಳಿ ಮುಗಿದ ಮೇಲೆ ಒಬ್ಬೊಬ್ಬರೇ ಎದ್ದು ಹೋದರು. ಆಮೇಲೆ ಅವ್ವ ಕಥೆ ಶುರುಮಾಡಿದಳು. ಅವಳು ಹೇಳಿದ್ದನ್ನೆಲ್ಲ ಹಾಗೇ ಬರೆಯುತ್ತೇನೆ.

ಆ ಸಂಸ್ಥೆಯವರು ಊರಿಗೆ ಎರಡನೇ ಸಲ ಬಂದರಂತೆ. ಆಗ ಎಲ್ಲರಿಗಿಂತ ಮೊದಲು ಹೆಸರು ಬರೆಸಿದ್ದು ಯಾರು ಗೊತ್ತೇ? ದೊರೀನಾ ಅತ್ತೆ! ಅವಳಿಗೆ ದುಡ್ಡೂ ಬಂತು, ಎರಡು ಹೊಸ ಹಾಸಿಗೆಗಳೂ ಬಂದವು. "ಹಾವು ಎಲ್ಲಿ ಅತ್ತಿಗೆ?" ಎಂದು ಅವ್ವ ಕೇಳಿದ್ದಕ್ಕೆ, "ಬಂದ್ರೆ ಮಲಗೋಕೆ ಅಂತಾನೇ ಕಣೇ ಎರಡು ತಂದಿದ್ದು" ಎಂದಳಂತೆ.

ಆ ಸಂಸ್ಥೆಯವರು ಹೆಸರು ಬರೆದುಕೊಂಡ ದಿನ ಅಪ್ಪ ಎರಡು ಗುಡ್ಡದಾಚೆ ಯಾರದೋ ಮನೆಗೆ ತಗಡು ಹೊಡೆಯಲು ಹೋಗಿದ್ದ. ಅವ್ವ ಕೈ ಒರೆಸಿಕೊಂಡು ಹೋಗಿ ತನ್ನ ಹೆಸರು ಬರೆಸಿ ಬಂದಳು. ಅಪ್ಪನಿಗೆ ಹೇಳಲಿಲ್ಲ. ಆದರೆ ಅವರು ದುಡ್ಡು ಕಳಿಸುವುದು ಫೋನಿಗೆ. ಮನೆಗಿರುವುದು ಒಂದೇ ಫೋನು, ಅದಿರುವುದು ಅಪ್ಪನ ಜೇಬಿನಲ್ಲಿ. ಒಂದು ದಿನ ಅಪ್ಪ ಸೂರಿನ ತುದಿಯಲ್ಲಿ ಕೂತು ಮೊಳೆ ಹೊಡೆಯುತ್ತಿದ್ದಾಗ ಜೇಬು ಗುಯ್ ಎಂದಿತು. ತೆಗೆದು ನೋಡಿದರೆ ದುಡ್ಡು ಬಂದ ಸಂದೇಶ. ಕೈಯಲ್ಲಿದ್ದ ಸುತ್ತಿಗೆ ಜಾರಿ ಮನೆಯ ಯಜಮಾನನ ಟೋಪಿಯನ್ನು ಸವರಿಕೊಂಡು ಬಿತ್ತಂತೆ.

ಅಪ್ಪ ಮನೆಗೆ ಬಂದು ಫೋನನ್ನು ಮೇಜಿನ ಮೇಲಿಟ್ಟು ದೂರ ನಿಂತ.

"ಇದೇನು?"

"ದುಡ್ಡು."

"ಯಾರದು?"

"ನಂದು," ಎಂದಳು ಅವ್ವ.

ಎರಡು ದಿನ ಅಪ್ಪ ಅವಳು ಮಾಡಿದ್ದನ್ನು ಉಣ್ಣಲಿಲ್ಲ. ಮೂರನೇ ದಿನ ಅವ್ವ ಸರೋವರದ ದೊಡ್ಡ ಮೀನು ತಂದು ಬೇಯಿಸಿದಳು. ಅಪ್ಪ ಹೊರಗೆ ಕೂತವನು ಅಲ್ಲಿಂದಲೇ, "ತಲೆ ಯಾರಿಗೆ?" ಎಂದು ಕೇಳಿದನಂತೆ. ಜಗಳ ಅಲ್ಲಿಗೆ ಮುಗಿಯಿತು.

ಉಂಡು ಕೈ ತೊಳೆದವನೇ ತಗಡಿನ ಲೆಕ್ಕ ಹಾಕತೊಡಗಿದ. ಕಡ್ಡಿ ತಗೊಂಡು ಮಣ್ಣಿನಲ್ಲಿ ಮನೆ ಬರೆದ, ನೀರು ಹೋಗುವ ದಾರಿ ಬರೆದ.

"ತಗಡು ಕೊನೆಗೆ. ಮೊದಲು ಹುಡುಗೀರ ಫೀಸು," ಎಂದಳು ಅವ್ವ.

"ಪೆರೆಸ್ ಫೀಸು ಅನ್ನು. ಆಗ್ಲಿ, ಕಟ್ಟೋಣ."

"ಹುಡುಗೀರ್ದು ಅಂದೆ. ಇಬ್ಬರಿಗೂ."

"ಇಬ್ಬರೆಲ್ಲಿದಾರೆ ಈಗ ಓದೋರು?"

ಅವ್ವ ತಟ್ಟೆ ಎತ್ತಿಕೊಂಡು ಒಳಗೆ ಹೋದಳಂತೆ. ಅಪ್ಪ ಕಡ್ಡಿ ಬಿಸಾಡಿ, ಬರೆದಿದ್ದ ಮನೆಯನ್ನು ಕಾಲಲ್ಲಿ ಅಳಿಸಿ ಎದ್ದ.

ಅಕ್ಕಾ, ಇದನ್ನು ಹೇಳುವಾಗ ಅವ್ವ ನನ್ನ ಮುಖ ನೋಡುತ್ತಿರಲಿಲ್ಲ, ಡಬ್ಬಿಯ ಮುಚ್ಚಳ ಒರೆಸುತ್ತಿದ್ದಳು. ನೀನು ಎಂಟನೇ ಕ್ಲಾಸಿನ ಪರೀಕ್ಷೆಯಲ್ಲಿ ನಮ್ಮ ಸುತ್ತಿನ ಶಾಲೆಗಳಿಗೆಲ್ಲ ಮೊದಲಿಗಳಾಗಿದ್ದೆಯಂತೆ. ಅದು ಅಪ್ಪ ಸೂರಿನಿಂದ ಬಿದ್ದು ಕಾಲು ಮುರಿದುಕೊಂಡ ವರ್ಷ. ಒಂದು ರಾತ್ರಿ ಊಟದ ಮಧ್ಯೆ ನೀನೇ, ನನಗೆ ಓದು ಸಾಕು, ಕಾಲು ಜೋಮು ಹಿಡಿಯುತ್ತೆ, ಕೆಲಸಕ್ಕೆ ಹೋಗ್ತೀನಿ ಎಂದೆಯಂತೆ. "ಅವಳು ಸುಳ್ಳು ಹೇಳ್ತಿದಾಳೆ ಅಂತ ನಮಗೆ ಗೊತ್ತಿತ್ತು. ನಂಬಿದೋರ ಹಾಗೆ ಊಟ ಮುಂದುವರಿಸಿದ್ವಿ," ಎಂದಳು ಅವ್ವ.

ನಾನಾಗ ಐದನೇ ಕ್ಲಾಸು. ನಿನ್ನ ಜ್ಯಾಮಿತಿ ಪೆಟ್ಟಿಗೆ ನನಗೆ ಸಿಕ್ಕಿತೆಂದು ಕುಣಿದಿದ್ದೆ.

ಊರಿನಲ್ಲೇ ಈಗ ದಿನವೂ ಹೋಗಿಬರುವ ಹೈಸ್ಕೂಲಿದೆ. ಫೀಸು ನಮ್ಮಲ್ಲಿಯ ಕಾಲು ಭಾಗ. ಜನವರಿಗೆ ಎಂಟನೇ ಕ್ಲಾಸು ಮುಗಿಸಿದವರನ್ನು ಮೊದಲನೇ ಫಾರ್ಮ್‌ಗೆ ಸೇರಿಸಿಕೊಳ್ಳುತ್ತಾರೆ. ಬಂದುಬಿಡು ಅಕ್ಕಾ.

ಪೆರೆಸ್


ನಕುರು
ಆಗಸ್ಟ್ 3, 2016

ಪೆರೆಸ್,

ಆಗುವುದಿಲ್ಲ. ನನಗೆ ಹತ್ತೊಂಬತ್ತು ವರ್ಷ. ಮೊಣಕಾಲಿನವರೆಗೆ ಸ್ಕರ್ಟು ಹಾಕಿಕೊಂಡು ಹದಿನಾಲ್ಕರ ಮಕ್ಕಳ ಪಕ್ಕ ಕೂರಲೇ? ಊರು ನಗುವುದಕ್ಕೆ ಬೇರೆ ಏನೂ ಸಿಗಲಿಲ್ಲವೇ?

ಆ ದುಡ್ಡಿನಲ್ಲಿ ನಿನ್ನ ಫೀಸು ಕಟ್ಟಲಿ, ಸೂರು ಹಾಕಿಸಲಿ. ನಾನು ಎಲ್ಡೊರೆಟ್‌ನಲ್ಲಿ ಒಂದು ಮನೆ ಗೊತ್ತುಮಾಡಿಕೊಂಡಿದ್ದೇನೆ. ಸಂಬಳ ಇಲ್ಲಿಗಿಂತ ಹೆಚ್ಚು. ಡಿಸೆಂಬರಿಗೆ ಅಲ್ಲಿಗೆ ಹೋಗುತ್ತೇನೆ.

ಅವ್ವ ಹಳೆಯದನ್ನೆಲ್ಲ ಯಾಕೆ ಕೆದಕಬೇಕಿತ್ತು? ಚಪಾತಿ ಕೊಟ್ಟು ಬರಬಾರದಿತ್ತೇ?

ಅಕೇಯೊ


ನ್ಯಾಬಿರಾ
ಸೆಪ್ಟೆಂಬರ್ 11, 2016

ಅಕ್ಕಾ,

ರಜೆಯಲ್ಲಿ ಮನೆಯಿಂದ ನಾನು ಫೋನು ಮಾಡಿದಾಗೆಲ್ಲ ನೀನು ಹಾಲು ಉಕ್ಕುತ್ತಿದೆ ಎಂದು ಇಟ್ಟೆ. ಆ ಮನೆಯಲ್ಲಿ ದಿನಕ್ಕೆಷ್ಟು ಸಲ ಹಾಲು ಕಾಯಿಸುತ್ತೀರಿ?

ಶಾಲೆಗೆ ಸೇರು ಎಂದು ನಾನು ಇದರಲ್ಲಿ ಬರೆಯುವುದಿಲ್ಲ. ನಡೆದದ್ದನ್ನಷ್ಟೇ ಬರೆಯುತ್ತೇನೆ. ಮೊನ್ನೆ ಪ್ರಾರ್ಥನೆಯಲ್ಲಿ ಬಾಕಿಯವರ ಹೆಸರು ಕೂಗಿದರು. ನನ್ನದು ಇರಲಿಲ್ಲ. ಅಭ್ಯಾಸಬಲದಿಂದ ಒಂದು ಹೆಜ್ಜೆ ಮುಂದೆ ಇಟ್ಟೂ ಬಿಟ್ಟಿದ್ದೆ. ಮೇಡಂ, "ನೀನೆಲ್ಲಿಗೆ ಹೊರಟೆ?" ಎಂದು ಕೇಳಿದರು. ಇಡೀ ಶಾಲೆ ನಕ್ಕಿತು, ನಾನೂ ನಕ್ಕೆ. ಈ ಅವಧಿಯ ಫೀಸನ್ನು ಅವ್ವ ಶುರುವಿನಲ್ಲೇ ಪೂರ್ತಿ ಕಟ್ಟಿದ್ದಾಳೆ. ಒಂದು ವಾರವೂ ತಪ್ಪಿಸಿಕೊಳ್ಳದೆ ಕೂತು ಕೇಳಿದರೆ ರಸಾಯನಶಾಸ್ತ್ರ ಅಷ್ಟೇನೂ ಕಷ್ಟವಲ್ಲ ಎಂದು ಈಗ ತಿಳಿಯುತ್ತಿದೆ.

ಆ ಸಂಸ್ಥೆಯ ದುಡ್ಡಿನ ಎರಡನೇ ಕಂತು ಬಂದಾಗ ಅವ್ವ ಒಂದು ಕರೆಯುವ ಹಸು ತಂದಳು. ಅಪ್ಪ ಅದಕ್ಕೆ ಕೊಟ್ಟಿಗೆ ಕಟ್ಟಿ ತಗಡು ಹೊದಿಸಿದ್ದಾನೆ. "ನಮ್ಮನೇಲಿ ಸೋರದೆ ಇರೋ ಜಾಗದಲ್ಲಿ ಮಲಗೋದು ಇವಳೊಬ್ಬಳೇ" ಎನ್ನುತ್ತಾ ದಿನವೂ ಅದರ ಬೆನ್ನು ತಟ್ಟುತ್ತಾನೆ.

ಒಂದೇ ಒಂದು ಪ್ರಶ್ನೆ. ಶಾಲೆ ಅಷ್ಟು ಹಿಡಿಸದಿದ್ದರೆ ಗತೋನಿಯ ಲೆಕ್ಕವನ್ನು ಯಾಕೆ ಮಾಡುತ್ತೀಯ? ಈರುಳ್ಳಿ ಹೆಚ್ಚಲು ನಿನಗೆ ಬರುವುದಿಲ್ಲವೇ?

ಪೆರೆಸ್


ಕಗೋಲಾ
ಅಕ್ಟೋಬರ್ 9, 2016

ಮಗಳು ಅಕೇಯೊಗೆ ಅಪ್ಪನ ಆಶೀರ್ವಾದ. ನಾವೆಲ್ಲ ಕ್ಷೇಮ, ಹಸುವೂ ಕ್ಷೇಮ.

ಫೋನಿನಲ್ಲಾದರೆ ನೀನು ಮಾತು ತಿರುಗಿಸುತ್ತೀ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ನಾನು ಓದಿದ್ದು ಏಳನೇ ಕ್ಲಾಸು, ತಪ್ಪಿದ್ದರೆ ತಿದ್ದಿಕೊಂಡು ಓದು.

ಕಳೆದ ವಾರ ನಮ್ಮೂರ ಹೈಸ್ಕೂಲಿನವರು ತರಗತಿಯೊಂದು ಸೋರುತ್ತದೆ, ಬಂದು ಸರಿಮಾಡು ಎಂದು ಕರೆದರು. ನಾನು ಸೂರಿನ ಮೇಲಿದ್ದೆ, ಕೆಳಗೆ ಪಾಠ ನಡೆಯುತ್ತಿತ್ತು. ಮೇಷ್ಟರು ಲೆಕ್ಕ ಕೇಳಿದರು. ಮಕ್ಕಳು ಸುಮ್ಮನಿದ್ದರು. ನನಗೂ ಉತ್ತರ ಗೊತ್ತಿರಲಿಲ್ಲ. ಆದರೆ ಯಾರಿಗೆ ಗೊತ್ತಿರುತ್ತಿತ್ತು ಎಂದು ಗೊತ್ತಿತ್ತು. ಆ ದಿನ ನಾನು ಮೊಳೆ ಹೊಡೆದದ್ದು ಕಡಿಮೆ, ಕೇಳಿಸಿಕೊಂಡದ್ದು ಹೆಚ್ಚು.

ಇಳಿದು ಬಂದು ದೊಡ್ಡ ಮೇಡಂ ಹತ್ತಿರ ಮಾತಾಡಿದೆ.

"ನನ್ನ ದೊಡ್ಡ ಮಗಳನ್ನ ಸೇರಿಸ್ಕೋತೀರಾ ಮೇಡಂ?"

"ವಯಸ್ಸು ಎಷ್ಟು?"

"ಹತ್ತೊಂಬತ್ತು. ಎಂಟು ಮುಗಿಸಿ ಬಿಟ್ಟು ಐದು ವರ್ಷ ಆಯ್ತು."

"ಐದು ವರ್ಷ ಬಿಟ್ಟಿದಾಳೆ ಅಂದ್ರೆ ಓದು ಮರೆತಿರ್ತಾಳೆ ಅಲ್ವಾ?"

"ಮೀನು ಕಟ್ಟಿ ಕೊಟ್ಟ ಕಾಗದಾನೂ ಬಿಡಿಸಿ ಓದೋಳು ಮೇಡಂ ಅವಳು. ಸಾರು ತಣ್ಣಗಾಗ್ತಿತ್ತು, ಅವಳ ಓದು ಮುಗೀತಿರಲಿಲ್ಲ."

ಆಯಮ್ಮ ನಕ್ಕು, ಕರೆದುಕೊಂಡು ಬನ್ನಿ ಎಂದರು.

ಆ ವರ್ಷದ ಆ ರಾತ್ರಿಯ ವಿಷಯವನ್ನು ನಿನ್ನ ಅವ್ವ ಪೆರೆಸ್‌ಗೆ ಹೇಳಿದಳಂತೆ. ಅದರ ಬಗ್ಗೆ ನಾನೇನೂ ಬರೆಯುವುದಿಲ್ಲ.

ಇನ್ನೊಂದು ವಿಷಯ. ಶಾಲೆಯಿಂದ ಬರುವಾಗ ದಾರಿಯಲ್ಲಿ ಸಂತೆ ಸಿಕ್ಕಿತು. ನನ್ನ ಮಗಳು ಜನವರಿಗೆ ಹೈಸ್ಕೂಲಿಗೆ ಹೋಗುತ್ತಾಳೆ ಎಂದು ಒಬ್ಬನಿಗೆ ಹೇಳಿದೆ. ಅವನು ನಂಬಲಿಲ್ಲ. ಹಾಗಾಗಿ ಎಲ್ಲರಿಗೂ ಹೇಳಬೇಕಾಯಿತು. ಟೊಮೇಟೊ ಮಾರುವವರಿಗೆ, ಸೈಕಲ್ ರಿಪೇರಿಯವನಿಗೆ, ಪಾದ್ರಿಗಳಿಗೂ ಹೇಳಿದ್ದೇನೆ. ದೊರೀನಾಗೆ ಹೇಳಿದ್ದೇನೆ, ಅಂದ ಮೇಲೆ ಮಿಕ್ಕವರಿಗೆ ನಾನು ಹೇಳಬೇಕಾಗಿಲ್ಲ. ಈಗ ನೀನು ಬರದೆ ಹೋದರೆ ನಾನು ಬೇರೆ ಸಂತೆ ನೋಡಿಕೊಳ್ಳಬೇಕಾಗುತ್ತದೆ. ಅದು ಬಹಳ ದೂರ. ನನ್ನ ಕಾಲಿನ ಸ್ಥಿತಿ ನಿನಗೆ ಗೊತ್ತೇ ಇದೆ.

ಹೀಗೆ ನಿನ್ನ ದಾರಿ ಕಾಯುವ
ಅಪ್ಪ


ನಕುರು
ಅಕ್ಟೋಬರ್ 30, 2016

ಪೆರೆಸ್,

ನಿಮ್ಮ ಶಾಲೆಯ ಸ್ಕರ್ಟಿಗೆ ಎಷ್ಟು ಬಟ್ಟೆ ಹಿಡಿಯುತ್ತದೆ? ನನ್ನಷ್ಟು ಎತ್ತರದವರಿಗೆ?

ಸುಮ್ಮನೆ ಕೇಳಿದೆ.

ಅಕ್ಕ


ಕಗೋಲಾ
ಫೆಬ್ರುವರಿ 19, 2017

ನನ್ನ ಪೆರೆಸ್,

ಆರು ವಾರವಾಯಿತು, ಒಂದು ಸಾಲೂ ಬರೆಯಲಿಲ್ಲ ಎಂದು ಬೈದುಕೊಳ್ಳುತ್ತಿರುತ್ತೀ. ಹೋಮ್‌ವರ್ಕ್ ಎಂದರೆ ಏನು ಎಂಬುದೇ ನನಗೆ ಮರೆತುಹೋಗಿತ್ತು. ಪಾತ್ರೆ ತೊಳೆಯುವುದಾದರೆ ಸಿಂಕು ಖಾಲಿಯಾದಾಗ ಮುಗಿಯುತ್ತದೆ. ಇದು ಮುಗಿಯುವುದೇ ಇಲ್ಲ.

ಮೊದಲ ದಿನದ ಕಥೆ ಕೇಳು. ಅವ್ವ ಮುಂದಕ್ಕೂ ಆಗಲಿ ಎಂದು ಹೊಲಿಸಿದ ಸ್ಕರ್ಟು ನನಗೆ ಪಾದ ಮುಟ್ಟುತ್ತದೆ. ನಾನಿನ್ನೂ ಎತ್ತರ ಬೆಳೆಯುತ್ತೇನೆ ಎಂದುಕೊಂಡಿದ್ದಾಳೆ! ಅದನ್ನು ಹಾಕಿಕೊಂಡು ತರಗತಿಯ ಬಾಗಿಲಿಗೆ ಹೋದೆ. ಒಳಗೆ ಕಾಲಿಟ್ಟ ಕೂಡಲೇ ಮಕ್ಕಳೆಲ್ಲ ಎದ್ದು ನಿಂತು ಒಟ್ಟಿಗೆ, "ನಮಸ್ಕಾರ ಮೇಡಂ!" ಎಂದರು. ಏನು ಮಾಡುವುದು? "ಕೂತ್ಕೊಳ್ಳಿ ಮಕ್ಕಳೇ," ಎಂದೆ. ಕೂತರು. ನಾನು ಹೋಗಿ ಕೊನೆಯ ಬೆಂಚಿನಲ್ಲಿ ಕೂತೆ. ಆಗ ಎಲ್ಲರ ತಲೆ ಹಿಂದಕ್ಕೆ ತಿರುಗಿತು.

ಅಷ್ಟರಲ್ಲಿ ಲೆಕ್ಕದ ಮೇಷ್ಟರು ಬಂದರು. ಯಾರು ಅಂದುಕೊಂಡೆ? ಒಬುಂಗಾ! ಎಂಟನೇ ಕ್ಲಾಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ, ಸದಾ ಮೂಗು ಸುರಿಸುತ್ತಿದ್ದನಲ್ಲ, ಅವನೇ. ಹೈಸ್ಕೂಲು ಮುಗಿಸಿ, ಕಾಲೇಜಿಗೆ ಹೋಗುವ ತನಕ ಇಲ್ಲಿ ಪಾಠ ಮಾಡುತ್ತಿದ್ದಾನೆ. ಈಗ ಟೈ ಬೇರೆ.

"ಅಕೇಯೊ?" ಎಂದ, ಸೀಮೆಸುಣ್ಣ ಹಿಡಿದ ಕೈ ಹಾಗೇ ನಿಂತುಬಿಟ್ಟಿತು.

"ಹೂಂ, ಒಬುಂಗಾ," ಎಂದೆ. ಮಕ್ಕಳು ಕಿಸಕ್ಕೆಂದವು. "ಸಾರ್," ಎಂದು ಸೇರಿಸಿದೆ.

ಪಾಠ ಮುಗಿದ ಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ, "ನೀನು ಸಾರ್ ಅಂದ್ರೆ ನಂಗೇ ನಗು ಬರುತ್ತೆ ಕಣೇ. ಆದ್ರೂ ಹುಡುಗರ ಮುಂದೆ ಅನ್ನು, ಪುಣ್ಯ ಬರುತ್ತೆ," ಎಂದ.

"ಅಂತೀನಿ. ನನ್ನ ನೋಡಿ ಕಾಪಿ ಹೊಡೀತಿದ್ದಿದ್ದನ್ನೂ ಹುಡುಗರ ಮುಂದೇನೇ ಹೇಳ್ಲಾ?"

"ಬೇಡ ಮಾರಾಯ್ತಿ. ಕೂತ್ಕೋ."

ಮೊದಲೆರಡು ವಾರ ಮಕ್ಕಳು ನನ್ನನ್ನು ಆಂಟಿ ಎಂದು ಕರೆದರು. ಅಳು ಬರುತ್ತಿತ್ತು. ಒಂದು ಮಧ್ಯಾಹ್ನ ಊಟಕ್ಕೆ ಬಿಟ್ಟಾಗ ಮನೆಗೆ ಬಂದು ಸ್ಕರ್ಟು ಬಿಚ್ಚಿ ಮಂಚದ ಮೇಲೆ ಎಸೆದೆ, ಇನ್ನು ಹೋಗುವುದಿಲ್ಲ ಎಂದೆ. ಅಪ್ಪ ಸೂರಿನ ಮೇಲಿದ್ದ. ಕೊನೆಯ ಕಂತಿನಲ್ಲಿ ತಗಡು ಬಂದಿದೆ, ಕೊನೆಗೂ ಸ್ವಂತ ಮನೆಯನ್ನು ಹತ್ತಿದ್ದಾನೆ. ಅಲ್ಲಿಂದಲೇ ಕೂಗಿದ: "ಏನಾಯ್ತೇ?"

"ಎಲ್ರೂ ನಗ್ತಾರೆ!"

"ನಾನು ಸೂರಿಂದ ಬಿದ್ದಾಗಲೂ ನಕ್ಕಿದ್ರು. ಕಾಲು ಸರಿಹೋದ ಮೇಲೆ ಅವರೇ ಬಂದು ಕೆಲಸಕ್ಕೆ ಕರೆದ್ರು. ಆ ಮೊಳೆ ಡಬ್ಬ ಇತ್ತ ಕೊಟ್ಟು ಹೋಗು, ಗಂಟೆ ಹೊಡೆಯುತ್ತೆ."

ಮೊಳೆ ಕೊಟ್ಟೆ. ಸ್ಕರ್ಟು ಹಾಕಿಕೊಂಡು ಹೋದೆ.

ಮಾರನೆಯ ವಾರ ಒಬುಂಗಾ ಲೆಕ್ಕದ ಪರೀಕ್ಷೆ ಕೊಟ್ಟ. ನನಗೇ ಎಲ್ಲರಿಗಿಂತ ಹೆಚ್ಚು. ಅಂದಿನಿಂದ ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಪುಸ್ತಕ ಹಿಡಿದುಕೊಂಡು ನನ್ನ ಬೆಂಚಿನ ಸುತ್ತ ಗುಂಪು ಕೂಡುತ್ತದೆ. ಈಗಲೂ ಆಂಟಿ ಎಂದೇ ಕರೆಯುತ್ತಾರೆ. ಆದರೆ, "ಆಂಟಿ, ಇದು ಹೇಗೆ ಬಂತು?" ಎನ್ನುತ್ತಾರೆ. ಈ ಆಂಟಿ ನನಗೆ ಅಡ್ಡಿಯಿಲ್ಲ.

ರಸಾಯನಶಾಸ್ತ್ರ ಮಾತ್ರ ತಲೆಗೆ ಹತ್ತುತ್ತಿಲ್ಲ. ನೂರಕ್ಕೆ ಮೂವತ್ತೊಂದು. ನೀನು ಮೂರನೇ ಫಾರ್ಮ್, ನನ್ನ ಸೀನಿಯರ್. ಮುಂದಿನ ಪತ್ರದಲ್ಲಿ ಅಣು ಎಂದರೇನು ಎಂದು ನನಗೆ ಅರ್ಥವಾಗುವ ಹಾಗೆ ಬರೆ. ಗತ್ತು ಮಾಡಬೇಡ. ಸ್ವಲ್ಪ ಮಾಡು.

ನೀನು ಕೇಳಿದ್ದೆಯಲ್ಲ, ಗತೋನಿಯ ಲೆಕ್ಕ ಯಾಕೆ ಮಾಡುತ್ತೀಯ ಎಂದು. ಆ ಪತ್ರ ಬಂದ ದಿನ ನಿಜವಾಗಿಯೂ ಹಾಲು ಉಕ್ಕಿ ಒಲೆಯೆಲ್ಲ ಹಾಳಾಯಿತು. ಉತ್ತರ ನಿನಗೆ ಗೊತ್ತಿದೆ. ಬರೆಸಬೇಡ.

ಬೆಳಿಗ್ಗೆ ಹಾಲು ಕರೆದು ಅಂಗಡಿಗೆ ಕೊಟ್ಟು ಹೋಗುವಷ್ಟರಲ್ಲಿ ನನಗೆ ತಡವಾಗುತ್ತದೆ. ಹಾಲಿನ ದುಡ್ಡಿನಲ್ಲೇ ಇನ್ನು ಮುಂದೆ ನಮ್ಮಿಬ್ಬರ ಫೀಸು ಸಾಗಬೇಕು, ಹಾಗಾಗಿ ಹಸುವನ್ನು ಬಿಡುವಂತಿಲ್ಲ. ತಡವಾಗಿ ಬಂದವರಿಗೆ ಇಲ್ಲಿ ಅಂಗಳ ಗುಡಿಸುವ ಶಿಕ್ಷೆ. ಈ ವಾರ ಎರಡು ಸಲ ಗುಡಿಸಿದೆ. ನನ್ನ ಜೊತೆ ಸಿಕ್ಕಿಬಿದ್ದ ಹುಡುಗರು ಮುಖ ಊದಿಸಿಕೊಂಡು ಗುಡಿಸುತ್ತಿದ್ದರು. ಐದು ವರ್ಷ ಸಂಬಳಕ್ಕೆ ಗುಡಿಸಿದವಳು ನಾನು. ಇಷ್ಟು ಹಗುರವಾದ ಪೊರಕೆಯನ್ನು ಹಿಡಿದೇ ಇರಲಿಲ್ಲ ಪೆರೆಸ್. ಬೇಕೆಂದೇ ಮೂಲೆ ಮೂಲೆಯನ್ನೂ ಗುಡಿಸಿದೆ. ಕೊನೆಗೆ ದೊಡ್ಡ ಮೇಡಂ ಕಿಟಕಿಯಿಂದ ತಲೆ ಹಾಕಿ, "ಸಾಕಮ್ಮ ಅಕೇಯೊ, ಇನ್ನು ಒಳಗೆ ಬಾ, ಪಾಠ ಶುರುವಾಯ್ತು," ಎಂದರು.

ನಿನ್ನ ಅಕ್ಕ, ನಿನ್ನ ಜೂನಿಯರ್
ಅಕೇಯೊ